ಗರ್ಭದ ನೀರು ತೆಗೆಯಲು ಮಂಗಳೂರೇ ಆಗಬೇಕೆಂದಿಲ್ಲ

ಕಾಸರಗೋಡಿನಲ್ಲೇ ಆಮ್ನಿಯೋ, ಅಂದರೆ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆದು ಮಗುವಿನ ಜೀವಕೋಶಗಳ ಪರೀಕ್ಷೆಗೆ ಕಳಿಸುವುದು, ಮಾಡುತ್ತೇನೆ ಅಂದಾಗ ಜೊತೆಯ ಡಾಕ್ಟರುಗಳೇ ನಕ್ಕಿದ್ದರು. ಒಂದು ಗರ್ಭ ಹೋದರೆ ಊರಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ, ಸುಮ್ನೆ ಮಂಗಳೂರಿಗೆ ಬರೆದುಕೊಡು ಅಂದರು. ಐವತ್ತು ಕಿಲೋಮೀಟರು ತಾನೇ ಅಂತ ನಾನೂ ಬರೆದುಕೊಡುತ್ತಿದ್ದೆ. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ಐವತ್ತು ಎಷ್ಟು ದೂರ ಅಂತ ಗೊತ್ತಾಯ್ತು.

ತರಬೇತಿ ಆಗಿತ್ತು, ಕೈ ಪಳಗಿರಲಿಲ್ಲ. ಜೆಲಾಟಿನ್‌ಗೆ ಇಸಬ್‌ಗೋಲು ಕಲಸಿ, ಒಳಗೆ ನೀರು ತುಂಬಿದ ಗ್ಲೌಸ್ ಇಟ್ಟು, ಟಿಫಿನ್ ಡಬ್ಬಿಯಲ್ಲೇ ಒಂದು ಹೊಟ್ಟೆ ಮಾಡಿಕೊಂಡೆ. ಸ್ಕ್ಯಾನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎಳನೀರಿನ ಬೊಂಡದಲ್ಲೂ ನೋಡಿದೆ, ಸೂಜಿ ಬಾಗಿದ್ದೊಂದೇ ಬಂತು. ಡಬ್ಬಿಗೆ ಇನ್ನೂರು ಸಲ ಚುಚ್ಚಿರಬಹುದು. ಅದು ಈಗಲೂ ಫ್ರಿಜ್ಜಿನಲ್ಲಿದೆ, ಮನೆಯವಳು ಬೈಯುತ್ತಾಳೆ.

ಹದಿನಾರು ವಾರ ಆಗದೆ ಮುಟ್ಟುವುದಿಲ್ಲ. 22 ಗೇಜ್ ಸೂಜಿ, ಕಣ್ಣು ಪರದೆಯ ಮೇಲೆ, ಮಾಸು (ಪ್ಲಾಸೆಂಟಾ) ತಪ್ಪಿಸಿ ಒಂದೇ ಚುಚ್ಚು. ಮೊದಲ 2 ಎಂಎಲ್ ಚೆಲ್ಲಿ ಮತ್ತೆ 15–20. ಪೊರೆ ಡೇರೆಯ ಹಾಗೆ ಸೂಜಿಯ ಮುಂದೆ ಎದ್ದು ನಿಂತು ನೀರೇ ಬರದಿದ್ದರೆ ಏನು ಮಾಡಬೇಕು ಅನ್ನುವುದು ಬರೆದು ತಿಳಿಸುವಂಥದ್ದಲ್ಲ, ಬಂದು ನೋಡಿ. ಎರಡನೇ ಸಲವೂ ಸಿಗದಿದ್ದರೆ ಅಂದಿಗೆ ಬಿಟ್ಟುಬಿಡುತ್ತೇನೆ.

ದೊಡ್ಡ ಪೆಟ್ಟು ಬಿದ್ದದ್ದು ಸೂಜಿಯಿಂದಲ್ಲ. ಐದನೆಯದೋ ಆರನೆಯದೋ ಸ್ಯಾಂಪಲ್ಲನ್ನು ನಮ್ಮ ಹುಡುಗ ಜೋಪಾನ ಮಾಡುತ್ತೇನೆಂದು ಫ್ರೀಜರಿಗೆ ಹಾಕಿದ. ಬೆಳಿಗ್ಗೆ ಸಿರಿಂಜು ಐಸ್‌ಕ್ಯಾಂಡಿ. ಲ್ಯಾಬಿನಲ್ಲಿ ಜೀವಕೋಶ ಬೆಳೆಯಲೇ ಇಲ್ಲ. ಎರಡು ವಾರ ಕಾದು, ಅದೇ ತಾಯಿಗೆ ಮತ್ತೆ ಚುಚ್ಚಬೇಕಾಯ್ತು. "ಡಾಕ್ಟ್ರೇ, ಮಗುವಿಗೆ ತಾಗ್ಲಿಕ್ಕಿಲ್ವಾ?" ಅಂತ ಆಕೆ ಮೊದಲ ಸಲ ಕೇಳಿದ್ದಕ್ಕೆ ಧೈರ್ಯವಾಗಿ ಉತ್ತರ ಕೊಟ್ಟಿದ್ದೆ, ಎರಡನೇ ಸಲ ನನ್ನ ಬಾಯಿಯೇ ಒಣಗಿತ್ತು. ಲ್ಯಾಬಿನ ಏಳು ಸಾವಿರ ನನ್ನ ಜೇಬಿನಿಂದಲೇ ಹೋಯ್ತು.

ಇನ್ನೊಬ್ಬಾಕೆಗೆ ಎರಡನೇ ದಿನ ನೀರು ಸೋರಲು ಶುರು. ವಾರ ಪೂರ್ತಿ ಮಲಗಿಸಿದೆವು, ತಾನಾಗಿ ನಿಂತಿತು. ಹೆಚ್ಚಿನವು ಹಾಗೆ ನಿಲ್ಲುತ್ತವೆ ಅಂತ ಓದಿದ್ದರೂ ಆ ವಾರ ನನಗೆ ನಿದ್ದೆ ಇಲ್ಲ.

ಈವರೆಗೆ ಎಪ್ಪತ್ತರ ಹತ್ತಿರ ಆಗಿರಬೇಕು. ಒಂದು ಹೋಯ್ತು, ಐದಾರು ವಾರದ ಮೇಲೆ. ಸೂಜಿಯಿಂದಲೋ ಅಲ್ಲವೋ, ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ. ಹಳೆಯ ಪುಸ್ತಕಗಳಲ್ಲಿ 200ಕ್ಕೆ ಒಂದು ಅಂತಿತ್ತು, ಈಗಿನ ಲೆಕ್ಕದಲ್ಲಿ ಅದಕ್ಕಿಂತಲೂ ಕಮ್ಮಿ. ಎಪ್ಪತ್ತರಿಂದ ಏನನ್ನೂ ಸಾಬೀತು ಮಾಡಲಾಗದು ಅಂತ ನನಗೂ ಗೊತ್ತು.

ಅಂದು ನಕ್ಕವರಲ್ಲಿ ಒಬ್ಬರು ಹೋದ ತಿಂಗಳು ಸ್ವಂತ ಸೊಸೆಯನ್ನೇ ಕರೆದುಕೊಂಡು ಬಂದಿದ್ದರು. ರಕ್ತದ ಗುಂಪು ನೆಗೆಟಿವ್, ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ತಿರುಗಿ ಬೀಳದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟೇ ಕಳಿಸಿದೆ. ಫೀಸು ಮಾತ್ರ ಬಿಡಲಿಲ್ಲ.