ಕೈಕೊಟ್ಟ ಸರ್ವರ್ ವಾಪಸ್ ತರುವುದು ಹೇಗೆ? ಅಜೂರ್ ಬ್ಯಾಕಪ್‌ನಿಂದ ವರ್ಚುವಲ್ ಮಷೀನ್ ರಿಸ್ಟೋರ್ ಮಾಡುವ ಕ್ರಮ

ಕ್ಲೌಡ್‌ನಲ್ಲಿರುವ ಸರ್ವರ್, ಅಂದರೆ ವರ್ಚುವಲ್ ಮಷೀನ್, ಕೆಟ್ಟರೆ ಮೊದಲು ಮಾಡಬೇಕಾದ ಕೆಲಸವೆಂದರೆ ಏನನ್ನೂ ಅಳಿಸದೇ ಇರುವುದು. ಅಪ್‌ಡೇಟ್ ಅರ್ಧಕ್ಕೆ ನಿಂತು ವಿಂಡೋಸ್ ಬೂಟ್ ಆಗದಿರಬಹುದು, ಯಾರೋ ಬೇಕಾದ ಫೋಲ್ಡರನ್ನೇ ಡಿಲೀಟ್ ಮಾಡಿರಬಹುದು, ರ‍್ಯಾನ್ಸಮ್‌ವೇರ್ ಫೈಲುಗಳಿಗೆಲ್ಲ ಬೀಗ ಜಡಿದಿರಬಹುದು. ಏನೇ ಆಗಿರಲಿ, ಕೊನೆಯ ಬ್ಯಾಕಪ್ ಆದ ಮೇಲೆ ಸೇರಿದ ಬಿಲ್ಲು, ರಸೀದಿ, ಎಂಟ್ರಿಗಳು ಇರುವುದು ಆ ಕೆಟ್ಟ ಮಷೀನಿನ ಡಿಸ್ಕ್‌ನಲ್ಲಿ ಮಾತ್ರ. ಗಾಬರಿಯಲ್ಲಿ ಅದನ್ನು ಅಳಿಸಿದರೆ ಬ್ಯಾಕಪ್ ಎಷ್ಟು ಚೆನ್ನಾಗಿದ್ದರೂ ಆ ಒಂದು ದಿನದ ಲೆಕ್ಕ ಹೋದಂತೆಯೇ. ರ‍್ಯಾನ್ಸಮ್‌ವೇರ್ ಎಂಬ ಅನುಮಾನವಿದ್ದರೆ ಪೋರ್ಟಲ್‌ನಿಂದಲೇ (ಕ್ಲೌಡ್ ನಿರ್ವಹಿಸುವ ವೆಬ್ ಪುಟ) ಮಷೀನ್ ನಿಲ್ಲಿಸಿ. ಬೇರೆ ಸರ್ವರ್‌ಗಳಿಗೆ ಅದು ಹರಡಬಾರದು. ಡಿಸ್ಕ್ ಮಾತ್ರ ಅಲ್ಲೇ ಇರಲಿ.

ಈ ಲೇಖನದಲ್ಲಿ ಹೇಳುತ್ತಿರುವುದು ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಪೋರ್ಟಲ್‌ನಲ್ಲಿ ಅನುಸರಿಸುವ ಕ್ರಮ. ಬೇರೆ ಕಂಪನಿಗಳ ಕ್ಲೌಡ್‌ನಲ್ಲಿ ಬಟನ್‌ಗಳ ಹೆಸರು ಬೇರೆ, ಯೋಚನೆಯ ದಾರಿ ಬಹುಮಟ್ಟಿಗೆ ಇದೇ.

ಇಡೀ ಮಷೀನ್ ಬೇಕೋ, ನಾಲ್ಕು ಫೈಲ್ ಸಾಕೋ?

ಕಳೆದುಹೋದದ್ದು ಒಂದು ಫೋಲ್ಡರ್ ಮಾತ್ರವಾದರೆ ಇಡೀ ಸರ್ವರನ್ನು ಹಿಂದಿನ ದಿನಕ್ಕೆ ಒಯ್ಯುವುದು ಬೇಡ. ವರ್ಚುವಲ್ ಮಷೀನ್ ಪುಟದಲ್ಲಿ ‘ಬ್ಯಾಕಪ್’ ತೆರೆದರೆ ಮೇಲ್ಗಡೆ ‘ರಿಸ್ಟೋರ್ ವಿಎಂ’ ಪಕ್ಕದಲ್ಲೇ ‘ಫೈಲ್ ರಿಕವರಿ’ ಎಂಬ ಬಟನ್ ಇರುತ್ತದೆ. ಅದನ್ನು ಒತ್ತಿ ಬೇಕಾದ ದಿನದ ಬ್ಯಾಕಪ್ ಆರಿಸಿದರೆ ಒಂದು ಸ್ಕ್ರಿಪ್ಟ್ ಮತ್ತು ಅದಕ್ಕೊಂದು ಪಾಸ್‌ವರ್ಡ್ ಸಿಗುತ್ತದೆ. ಸ್ಕ್ರಿಪ್ಟ್ ಓಡಿಸಿದ ಕಂಪ್ಯೂಟರ್‌ನಲ್ಲಿ ಆ ದಿನದ ಡಿಸ್ಕ್‌ಗಳು ಹೊಸ ಡ್ರೈವ್‌ಗಳಂತೆ ಕಾಣಿಸಿಕೊಳ್ಳುತ್ತವೆ. ಬೇಕಾದ್ದನ್ನು ಕಾಪಿ ಮಾಡಿಕೊಂಡು ಪೋರ್ಟಲ್‌ಗೆ ಮರಳಿ ‘ಅನ್‌ಮೌಂಟ್’ ಒತ್ತಿದರೆ ಮುಗಿಯಿತು. ಇದಕ್ಕೆ 12 ಗಂಟೆಗಳ ಗಡುವಿದೆ. ಸ್ಕ್ರಿಪ್ಟ್ ಓಡಿಸುವ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್ ಮೂಲ ಮಷೀನಿನದಕ್ಕೆ ಹೊಂದುವಂತಿರಬೇಕು. ಡ್ರೈವ್‌ಗಳು ಕಾಣಿಸದಿದ್ದರೆ ಆಫೀಸಿನ ಫೈರ್‌ವಾಲ್ 3260ನೇ ಪೋರ್ಟ್ ತಡೆದಿದೆಯೇ ಎಂದು ನೋಡಿ.

ಯಾವ ದಿನಕ್ಕೆ ಹಿಂದಿರುಗಬೇಕು?

ಇಡೀ ಮಷೀನೇ ಬೇಕಾದರೆ ‘ರಿಸ್ಟೋರ್ ವಿಎಂ’ ಒತ್ತಿ. ರಿಕವರಿ ಪಾಯಿಂಟ್‌ಗಳ, ಅಂದರೆ ಹಿಂದಿರುಗಬಹುದಾದ ಬ್ಯಾಕಪ್‌ಗಳ, ಪಟ್ಟಿ ತೆರೆದುಕೊಳ್ಳುತ್ತದೆ. ಎಲ್ಲರ ಕೈಯೂ ಮೊದಲು ಹೋಗುವುದು ಮೇಲಿನ ಸಾಲಿಗೆ, ಅಂದರೆ ತೀರಾ ಈಚಿನದಕ್ಕೆ. ಅಲ್ಲಿ ಸ್ವಲ್ಪ ನಿಲ್ಲಿ. ತೊಂದರೆ ಶುರುವಾದದ್ದು ನಿನ್ನೆ ಸಂಜೆ, ಬ್ಯಾಕಪ್ ಆದದ್ದು ನಿನ್ನೆ ರಾತ್ರಿ ಎಂದಾದರೆ ಆ ಬ್ಯಾಕಪ್‌ನಲ್ಲೂ ಅದೇ ತೊಂದರೆ ಕೂತಿರುತ್ತದೆ. ದಾಳಿ ಮಾಡುವವರು ಒಳನುಗ್ಗಿ ಎಷ್ಟೋ ದಿನ ಸುಮ್ಮನಿದ್ದು ಆಮೇಲೆ ಬೀಗ ಹಾಕುವುದೂ ಉಂಟು. ಹಾಗಾಗಿ ಸರ್ವರ್ ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ ಎಂದು ಅದನ್ನು ದಿನವೂ ಬಳಸುವವರನ್ನು ಕೇಳಿ, ಆ ಗಳಿಗೆಗೆ ಹಿಂದಿನ ಪಾಯಿಂಟ್ ಹುಡುಕಿ.

ಪಟ್ಟಿಯಲ್ಲಿ ಪ್ರತಿ ಸಮಯದ ಎದುರಿಗೆ ಇನ್ನೆರಡು ಸಂಗತಿ ಬರೆದಿರುತ್ತದೆ. ಮೊದಲನೆಯದು ‘ಕನ್ಸಿಸ್ಟೆನ್ಸಿ’. ‘ಅಪ್ಲಿಕೇಶನ್ ಕನ್ಸಿಸ್ಟೆಂಟ್’ ಎಂದಿದ್ದರೆ ಡೇಟಾಬೇಸ್ ತನ್ನ ಕೈಯಲ್ಲಿದ್ದ ಬರಹವನ್ನೆಲ್ಲ ಡಿಸ್ಕ್‌ಗೆ ಇಳಿಸಿದ ನಂತರ ಬ್ಯಾಕಪ್ ಆಗಿದೆ ಎಂದರ್ಥ. ವಿಂಡೋಸ್ ಮಷೀನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದು. ಲಿನಕ್ಸ್‌ನಲ್ಲಿ ಪ್ರತ್ಯೇಕ ಸ್ಕ್ರಿಪ್ಟ್ ಹೊಂದಿಸಿರದಿದ್ದರೆ ‘ಫೈಲ್ ಸಿಸ್ಟಮ್ ಕನ್ಸಿಸ್ಟೆಂಟ್’ ಸಿಗುತ್ತದೆ. ‘ಕ್ರ್ಯಾಶ್ ಕನ್ಸಿಸ್ಟೆಂಟ್’ ಎಂದರೆ ದಿಢೀರನೆ ಕರೆಂಟ್ ಹೋದ ಮಷೀನಿನ ಸ್ಥಿತಿ. ಬ್ಯಾಕಪ್ ಹೊತ್ತಿಗೆ ಮಷೀನ್ ಆಫ್ ಆಗಿದ್ದರೂ ಹೀಗೆಯೇ ಬರೆದಿರುತ್ತದೆ. ಮಷೀನ್ ಬೂಟ್ ಆಗುವ ಸಂಭವವೇ ಹೆಚ್ಚು, ಆದರೆ ಡೇಟಾಬೇಸ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಬೇಕಾಗಬಹುದು. ಲೆಕ್ಕಪತ್ರದ ಸರ್ವರ್ ಆಗಿದ್ದರೆ, ಕೆಲವು ಗಂಟೆ ಹಳೆಯದಾದರೂ ಅಪ್ಲಿಕೇಶನ್ ಕನ್ಸಿಸ್ಟೆಂಟ್ ಪಾಯಿಂಟನ್ನೇ ಆರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು, ಬ್ಯಾಕಪ್ ಎಲ್ಲಿದೆ ಎಂಬುದು. ‘ಸ್ನ್ಯಾಪ್‌ಶಾಟ್’ ಎಂದಿದ್ದರೆ ಅದು ಮಷೀನಿನ ಹತ್ತಿರವೇ ಇದೆ, ಬೇಗ ಬರುತ್ತದೆ. ಬರೀ ‘ವಾಲ್ಟ್’ (ಬ್ಯಾಕಪ್‌ಗಳನ್ನು ಕಾಪಿಡುವ ಪ್ರತ್ಯೇಕ ಉಗ್ರಾಣ) ಎಂದಿದ್ದರೆ ಅಷ್ಟೂ ಡೇಟಾ ವಾಲ್ಟ್‌ನಿಂದ ಕಾಪಿಯಾಗಿ ಬರಬೇಕು; ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಬ್ಯಾಕಪ್ ಯಾವಾಗ ಆಗಬೇಕು, ಎಷ್ಟು ದಿನ ಉಳಿಯಬೇಕು ಎಂದು ಹೇಳುವುದು ‘ಪಾಲಿಸಿ’. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಏನೂ ಬದಲಿಸದಿದ್ದರೆ ಸ್ನ್ಯಾಪ್‌ಶಾಟ್ ಉಳಿಯುವುದು 2 ದಿನ, ಎನ್‌ಹ್ಯಾನ್ಸ್ಡ್ ಪಾಲಿಸಿಯಲ್ಲಿ 7 ದಿನ. ಶುಕ್ರವಾರ ಸಂಜೆ ಕೆಟ್ಟದ್ದು ಸೋಮವಾರ ಗೊತ್ತಾಗುವ ಆಫೀಸುಗಳಿಗೆ 2 ದಿನ ಸಾಲದು. ಸ್ಟ್ಯಾಂಡರ್ಡ್ ಪಾಲಿಸಿಯಲ್ಲೇ ಅದನ್ನು 5 ದಿನದವರೆಗೆ ಏರಿಸಬಹುದು. ಇವತ್ತೇ ನೋಡಿ ಏರಿಸಿಕೊಳ್ಳಿ, ಅದರ ಖರ್ಚು ತೂಗುವಂಥದ್ದೇ.

ಮೊದಲು ಪಕ್ಕದಲ್ಲಿ ಎಬ್ಬಿಸಿ

ಪಾಯಿಂಟ್ ಆರಿಸಿದ ಮೇಲೆ ಪೋರ್ಟಲ್ ಎರಡು ದಾರಿ ಮುಂದಿಡುತ್ತದೆ: ‘ಕ್ರಿಯೇಟ್ ನ್ಯೂ’ ಮತ್ತು ‘ರಿಪ್ಲೇಸ್ ಎಕ್ಸಿಸ್ಟಿಂಗ್’. ಎರಡನೆಯದು ಇರುವ ಮಷೀನಿನ ಡಿಸ್ಕನ್ನೇ ಬದಲಿಸುತ್ತದೆ. ನೋಡಲು ಅದೇ ಸುಲಭ. ಆದರೂ ಮೊದಲು ‘ಕ್ರಿಯೇಟ್ ನ್ಯೂ’ ಆರಿಸಿ, ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಹೊಸದೊಂದನ್ನು ಎಬ್ಬಿಸಿ ನೋಡಬೇಕು ಎಂದು ಒತ್ತಿ ಹೇಳುತ್ತೇನೆ. ನೀವು ಆರಿಸಿದ ಪಾಯಿಂಟ್ ನಿಜಕ್ಕೂ ಸರಿಯಿದೆಯೇ ಎಂಬುದು ಅದು ಎದ್ದು ನಿಂತ ಮೇಲೆಯೇ ಗೊತ್ತಾಗುವುದು.

ಫಾರ್ಮ್‌ನಲ್ಲಿ ಕೇಳುವುದು ಕೆಲವೇ ವಿವರ. ಹೊಸ ಹೆಸರು ಕೊಡಿ. ರಿಸೋರ್ಸ್ ಗ್ರೂಪ್ (ಮಷೀನ್, ಡಿಸ್ಕ್ ಮುಂತಾದವನ್ನು ಒಟ್ಟಿಗಿಡುವ ಗುಂಪು) ಆರಿಸಿ. ‘ಸ್ಟೇಜಿಂಗ್ ಲೊಕೇಶನ್’ ಎಂಬಲ್ಲಿ ಒಂದು ಸ್ಟೋರೇಜ್ ಅಕೌಂಟ್ ಬೇಕು. ಅದು ವಾಲ್ಟ್ ಇರುವ ರೀಜನ್‌ನಲ್ಲೇ (ಡೇಟಾ ಸೆಂಟರ್‌ಗಳಿರುವ ಪ್ರದೇಶ) ಇರಬೇಕು. ಇಲ್ಲದಿದ್ದರೆ ಪಟ್ಟಿ ಖಾಲಿ ಕಾಣಿಸಿ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ, ಹಾಗಾಗಿ ಮುಂಚೆಯೇ ಒಂದನ್ನು ಮಾಡಿಟ್ಟಿರಿ. ನಿಮ್ಮ ಅಕೌಂಟ್‌ಗೆ ‘ಬ್ಯಾಕಪ್ ರೀಡರ್’ ಅಧಿಕಾರ ಮಾತ್ರ ಇದ್ದರೆ ಎಲ್ಲವನ್ನೂ ನೋಡಬಹುದು, ರಿಸ್ಟೋರ್ ಮಾಡಲಾಗದು. ‘ಬ್ಯಾಕಪ್ ಆಪರೇಟರ್’ ಬೇಕು, ಜೊತೆಗೆ ಮಷೀನ್ ಹುಟ್ಟುವ ರಿಸೋರ್ಸ್ ಗ್ರೂಪ್‌ನಲ್ಲಿ ಹೊಸ ಮಷೀನ್ ಮಾಡುವ ಅಧಿಕಾರವೂ ಬೇಕು.

ಎಚ್ಚರ ಬೇಕಾದದ್ದು ನೆಟ್‌ವರ್ಕ್ ಆರಿಸುವಾಗ. ವಾಪಸ್ ಬಂದ ಮಷೀನಿಗೆ ತಾನು ನಕಲು ಎಂಬುದು ಗೊತ್ತಿರುವುದಿಲ್ಲ. ಎದ್ದ ಕೂಡಲೇ ತನ್ನ ದಿನನಿತ್ಯದ ಕೆಲಸಕ್ಕೆ ಇಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಗ್ರಾಹಕರಿಗೆ ಬಾಕಿ ಮೊತ್ತದ ಎಸ್‌ಎಂಎಸ್ ಕಳಿಸುವ ಕೆಲಸ ಅದರಲ್ಲಿದ್ದರೆ, ಮೂಲ ಮಷೀನ್ ಕಳಿಸಿದ್ದನ್ನೇ ಇದೂ ಕಳಿಸುತ್ತದೆ, ಅದೂ ಹಳೆಯ ಲೆಕ್ಕದೊಂದಿಗೆ. ಹಣ ಕಟ್ಟಿದವರಿಗೂ ಬಾಕಿಯಿದೆ ಎಂಬ ಸಂದೇಶ ಹೋದರೆ ಮರುದಿನ ಬೆಳಿಗ್ಗೆ ಫೋನ್ ಎತ್ತುವವರ ಪಾಡು ಕೇಳಬೇಡಿ. ಆದ್ದರಿಂದ ಅದೇ ವರ್ಚುವಲ್ ನೆಟ್‌ವರ್ಕ್‌ನೊಳಗೆ ಪ್ರತ್ಯೇಕ ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಭಾಗ) ಮಾಡಿ, ಅದಕ್ಕೆ ಸೆಕ್ಯುರಿಟಿ ಗ್ರೂಪ್ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಜೋಡಿಸಿ, ಇಂಟರ್ನೆಟ್‌ಗೂ ಉಳಿದ ಸರ್ವರ್‌ಗಳಿಗೂ ಹೋಗುವ ದಾರಿಯನ್ನು ರಿಸ್ಟೋರ್‌ಗೆ ಮೊದಲೇ ಮುಚ್ಚಿಡಿ. ಏನೂ ಬರೆಯದೆ ಬಿಟ್ಟರೆ ಸೆಕ್ಯುರಿಟಿ ಗ್ರೂಪ್ ಎರಡನ್ನೂ ಬಿಟ್ಟುಕೊಡುತ್ತದೆ, ‘ಡಿನೈ’ ನಿಯಮಗಳನ್ನು ನೀವೇ ಸೇರಿಸಬೇಕು. ಬೇರೆಯೇ ವರ್ಚುವಲ್ ನೆಟ್‌ವರ್ಕ್ ಯಾಕೆ ಬೇಡವೆಂದರೆ, ಒಮ್ಮೆ ಹುಟ್ಟಿದ ಮಷೀನನ್ನು ಇನ್ನೊಂದು ನೆಟ್‌ವರ್ಕ್‌ಗೆ ಸಾಗಿಸಲಾಗದು. ಸಬ್‌ನೆಟ್ ಆದರೆ ಬದಲಿಸಬಹುದು. ಮುಂದೆ ಇದನ್ನೇ ಬಳಸಬೇಕಾಗಿ ಬಂದರೆ ಅನುಕೂಲ.

‘ರಿಸ್ಟೋರ್’ ಒತ್ತಿದ ಮೇಲೆ ‘ಬ್ಯಾಕಪ್ ಜಾಬ್ಸ್’ ಪುಟದಲ್ಲಿ ಕೆಲಸ ಎಲ್ಲಿಗೆ ಬಂತೆಂದು ಕಾಣುತ್ತದೆ.

ಎದ್ದಿದೆ, ಲಾಗಿನ್ ಆಗುತ್ತಿಲ್ಲ!

ಜಾಬ್ ಮುಗಿಯಿತು ಎಂದು ಬಂದ ಮೇಲೆ ‘ಬೂಟ್ ಡಯಾಗ್ನಾಸ್ಟಿಕ್ಸ್’ ತೆರೆದು ಮಷೀನಿನ ಪರದೆಯ ಚಿತ್ರ ನೋಡಿ. ಲಾಗಿನ್ ಪರದೆ ಕಂಡರೆ ಅರ್ಧ ಗೆದ್ದಂತೆ.

ಉಬುಂಟುವಿನಂಥ ಲಿನಕ್ಸ್ ಮಷೀನ್‌ಗಳಲ್ಲಿ ಇಲ್ಲೊಂದು ಪೇಚಿದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ಬ್ಯಾಕಪ್ ಕೆಟ್ಟಿದೆ ಎಂದುಕೊಂಡು ಮತ್ತೊಂದು ಪಾಯಿಂಟ್‌ಗೆ ಕೈಹಾಕಬೇಡಿ. ಲಿನಕ್ಸ್ ಮಷೀನನ್ನು ಬೂಟ್ ಹೊತ್ತಿಗೆ ಹೊಂದಿಸಿಕೊಡುವ ಕ್ಲೌಡ್-ಇನಿಟ್ ಎಂಬ ಸಾಫ್ಟ್‌ವೇರ್ ಬಳಸುವ ಮಷೀನ್‌ಗಳಲ್ಲಿ ರಿಸ್ಟೋರ್ ಆದ ಮೇಲೆ ಭದ್ರತೆಗಾಗಿ ಪಾಸ್‌ವರ್ಡ್ ಲಾಕ್ ಆಗಿರುತ್ತದೆ. ಪೋರ್ಟಲ್‌ನ ‘ರಿಸೆಟ್ ಪಾಸ್‌ವರ್ಡ್’ ಮೂಲಕ ಹೊಸದು ಕೊಟ್ಟರೆ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಎಂಬ ಡಿಜಿಟಲ್ ಕೀಲಿ ಬಳಸುವವರಿಗೆ ಈ ತಾಪತ್ರಯವಿಲ್ಲ.

ಐಪಿ ವಿಳಾಸವೂ ಬದಲಾಗಿರುತ್ತದೆ. ಮೂಲ ಮಷೀನಿಗೆ ಸ್ಟ್ಯಾಟಿಕ್ (ಖಾಯಂ) ಐಪಿ ಇದ್ದರೂ ಹೊಸದಕ್ಕೆ ಡೈನಾಮಿಕ್ (ತಾನಾಗಿ ಹಂಚಿಕೆಯಾಗುವ) ಐಪಿ ಬರುತ್ತದೆ, ಎರಡೂ ಒಂದೇ ವಿಳಾಸಕ್ಕೆ ಬಡಿದಾಡಬಾರದೆಂದು. ಒಳಗೆ ಹೋಗಿ ಡೇಟಾಬೇಸ್ ತೆರೆಯುತ್ತದೆಯೇ, ಕೊನೆಯ ಬಿಲ್ ನಂಬರ್ ಯಾವುದು, ಅದರ ತಾರೀಖು ನೀವೆಣಿಸಿದ್ದೇ ಹೌದೇ ಎಂದು ನೋಡಿ. ಸಾಧ್ಯವಾದರೆ ಆ ಸಾಫ್ಟ್‌ವೇರ್ ದಿನವೂ ಬಳಸುವ ಅಕೌಂಟೆಂಟ್ ಅವರನ್ನೇ ಕೂರಿಸಿ ನೋಡಿಸಿ. ನಮಗೆ ಸರಿ ಕಂಡದ್ದರಲ್ಲಿ ಅವರು ಕೊರತೆ ಹಿಡಿದುಬಿಡುತ್ತಾರೆ.

ಈಗ ನಿಜವಾದ ಬದಲಾವಣೆ

ಪಾಯಿಂಟ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮೂಲ ಮಷೀನಿನ ಪುಟಕ್ಕೆ ಹೋಗಿ, ಅದೇ ಪಾಯಿಂಟ್ ಆರಿಸಿ, ‘ರಿಪ್ಲೇಸ್ ಎಕ್ಸಿಸ್ಟಿಂಗ್’ ಕೊಡಿ. ಹೆಸರು, ನೆಟ್‌ವರ್ಕ್, ಐಪಿ ಎಲ್ಲ ಹಾಗೇ ಉಳಿದು ಡಿಸ್ಕ್ ಮಾತ್ರ ಬದಲಾಗುತ್ತದೆ, ಆಫೀಸಿನ ಕಂಪ್ಯೂಟರ್‌ಗಳಲ್ಲಿ ಏನೂ ತಿದ್ದಬೇಕಿಲ್ಲ. ಹಳೆಯ ಡಿಸ್ಕ್‌ಗಳು ರಿಸೋರ್ಸ್ ಗ್ರೂಪ್‌ನಲ್ಲೇ ಉಳಿಯುತ್ತವೆ. ಕೊನೆಯ ಬ್ಯಾಕಪ್ ನಂತರದ ಎಂಟ್ರಿಗಳನ್ನು ಹೊರತೆಗೆಯಬೇಕಾದರೆ ಆ ಡಿಸ್ಕನ್ನು ಮೂರನೆಯದೊಂದು ಮಷೀನಿಗೆ ಡೇಟಾ ಡಿಸ್ಕ್ ಆಗಿ ಜೋಡಿಸಿ ಕಾಪಿ ಮಾಡಿಕೊಳ್ಳಿ. ಮೂಲ ಮಷೀನಿಗೇ ಜೋಡಿಸಿದರೆ ಎರಡೂ ಡಿಸ್ಕ್‌ಗಳ ಗುರುತು ಒಂದೇ ಆಗಿರುವುದರಿಂದ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ತೋರಿಸುತ್ತದೆ, ಲಿನಕ್ಸ್‌ನಲ್ಲೂ ಮೌಂಟ್ ಆಗದೆ ತಕರಾರು ಬರಬಹುದು.

ಮೂಲ ಮಷೀನನ್ನು ಯಾರಾದರೂ ಆಗಲೇ ಡಿಲೀಟ್ ಮಾಡಿದ್ದರೆ ‘ರಿಪ್ಲೇಸ್’ ಸಾಧ್ಯವಿಲ್ಲ. ಆಗ ನೇರವಾಗಿ ರಿಕವರಿ ಸರ್ವಿಸಸ್ ವಾಲ್ಟ್ ತೆರೆದು ‘ಬ್ಯಾಕಪ್ ಐಟಮ್ಸ್’ನಲ್ಲಿ ಅದರ ಹೆಸರು ಹುಡುಕಿ ಹೊಸ ಮಷೀನ್ ಮಾಡಿಕೊಳ್ಳಿ. ಬ್ಯಾಕಪ್ಪನ್ನೇ ಡಿಲೀಟ್ ಮಾಡಿದ್ದರೂ ‘ಸಾಫ್ಟ್ ಡಿಲೀಟ್’ ಆನ್ ಇದ್ದರೆ 14 ದಿನ ಅದು ಉಳಿದಿರುತ್ತದೆ, ‘ಅನ್‌ಡಿಲೀಟ್’ ಮಾಡಬಹುದು. ಹೀಗೆ ಹೊಸ ಹೆಸರಲ್ಲಿ ಎದ್ದ ಮಷೀನಿಗೆ ಬ್ಯಾಕಪ್ ತಾನಾಗಿ ಶುರುವಾಗುವುದಿಲ್ಲ. ಅದನ್ನು ಅದೇ ದಿನ ಹೊಂದಿಸಿ.

ಇಡೀ ಡೇಟಾ ಸೆಂಟರ್ ಹೋದರೆ?

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್‌ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಸರ್ವರ್ ಇದ್ದ ಆವರಣದಲ್ಲೇ ಬ್ಯಾಕಪ್ಪೂ ಇದ್ದವರಲ್ಲಿ ಹಲವರು ಎರಡನ್ನೂ ಕಳೆದುಕೊಂಡರು. ಕರ್ನಾಟಕದ ಅನೇಕ ಕಂಪನಿಗಳ ಅಜೂರ್ ಸರ್ವರ್‌ಗಳು ಇರುವುದು ‘ಸೆಂಟ್ರಲ್ ಇಂಡಿಯಾ’ ಎಂಬ ಪುಣೆಯ ರೀಜನ್‌ನಲ್ಲಿ. ಅದರ ಜೋಡಿ ಚೆನ್ನೈನ ‘ಸೌತ್ ಇಂಡಿಯಾ’. ವಾಲ್ಟ್ ಮಾಡುವಾಗ ‘ಜಿಯೋ ರಿಡಂಡೆಂಟ್’ (ಜೋಡಿ ರೀಜನ್‌ನಲ್ಲೂ ಒಂದು ಕಾಪಿ ಇಡುವ ಬಗೆ) ಆರಿಸಿ, ‘ಕ್ರಾಸ್ ರೀಜನ್ ರಿಸ್ಟೋರ್’ ಆನ್ ಮಾಡಿದ್ದರೆ ಪುಣೆ ಕೈಕೊಟ್ಟಾಗ ಚೆನ್ನೈನಲ್ಲಿ ಮಷೀನ್ ಎಬ್ಬಿಸಬಹುದು. ಅಲ್ಲಿ ಸಿಗುವ ಬ್ಯಾಕಪ್ 36 ಗಂಟೆಗಳಷ್ಟು ಹಳೆಯದಾಗಿರಬಹುದು ಎಂಬುದು ನೆನಪಿರಲಿ. ಬ್ಯಾಕಪ್ ಶುರುವಾದ ಮೇಲೆ ವಾಲ್ಟ್‌ನ ಈ ಬಗೆಯನ್ನು ಬದಲಿಸಲು ಬಿಡುವುದಿಲ್ಲ, ನಿರ್ಧಾರ ಮೊದಲ ದಿನವೇ ಆಗಬೇಕು.

ತಾಲೀಮು ಮಾಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಹೊರಟಾಗ, ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್‌ಗಳು ನಿಜಕ್ಕೂ ನಡೆಯುತ್ತಲೇ ಇರಲಿಲ್ಲ ಎಂಬುದು ತಿಳಿಯಿತು. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿದ್ದರಿಂದ ಉಳಿದವರಿಗೆ ದೊಡ್ಡ ಉಪಕಾರವಾಯಿತು.

ಪೋರ್ಟಲ್‌ನಲ್ಲಿ ಹಸಿರು ಟಿಕ್ ಬಂದರೆ ಬ್ಯಾಕಪ್ ಕೆಲಸ ಮುಗಿದಿದೆ ಎಂದಷ್ಟೇ ಅರ್ಥ. ಮೂರು ತಿಂಗಳಿಗೊಮ್ಮೆ ಒಂದು ಮುಖ್ಯ ಸರ್ವರನ್ನು ಮೇಲೆ ಹೇಳಿದಂತೆ ಪ್ರತ್ಯೇಕ ಸಬ್‌ನೆಟ್‌ನಲ್ಲಿ ಎಬ್ಬಿಸಿ ನೋಡಿ. ಪ್ರತಿ ಸಲ ಬೇರೆ ಬೇರೆ ಸಹೋದ್ಯೋಗಿಯ ಕೈಯಲ್ಲಿ ಮಾಡಿಸಿ, ಒಬ್ಬರೇ ಕಲಿತಿದ್ದು ಅವರು ರಜೆಯಲ್ಲಿದ್ದರೆ ಪ್ರಯೋಜನವಿಲ್ಲ. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ನಿಜವಾದ ತೊಂದರೆ ಬಂದ ದಿನ ‘ಯಾವಾಗ ಸರಿಹೋಗುತ್ತದೆ?’ ಎಂದು ಮೇಲಧಿಕಾರಿ ಕೇಳಿದಾಗ ಕೊಡಬಹುದಾದ ಉತ್ತರ ಅದೊಂದೇ. ತಾಲೀಮು ಮುಗಿದ ಮೇಲೆ ಆ ಮಷೀನ್ ಜೊತೆಗೆ ಅದರ ಡಿಸ್ಕ್‌ಗಳನ್ನೂ ನೆಟ್‌ವರ್ಕ್ ಇಂಟರ್‌ಫೇಸನ್ನೂ ಹುಡುಕಿ ಡಿಲೀಟ್ ಮಾಡಿ. ಮಷೀನ್ ಮಾತ್ರ ತೆಗೆದು ಡಿಸ್ಕ್ ಬಿಟ್ಟರೆ ತಿಂಗಳ ಬಿಲ್ಲಿನಲ್ಲಿ ಅದರ ಬಾಡಿಗೆ ಬರುತ್ತಲೇ ಇರುತ್ತದೆ.