ಗೋಸುಂಬೆಯನ್ನು ಬಿಸಿಲಿಗೆ ತರುವ ಮೊದಲು ನೆರಳು ಮಾಡಿಡಿ

ಮನೆಯೊಳಗೆ ಎಷ್ಟೇ ಒಳ್ಳೆಯ ಯುವಿಬಿ ದೀಪ ಹಾಕಿ, ಅದು ಬಿಸಿಲಿಗೆ ಸಾಟಿಯಲ್ಲ. ಯುವಿಬಿ ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ. ಅದು ಚರ್ಮದ ಮೇಲೆ ಬಿದ್ದರೆ ಗೋಸುಂಬೆಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಸಿಗದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕಿಟಕಿ ಗಾಜಿನ ಪಕ್ಕ ಇಟ್ಟರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ, ಒಳಗೆ ಬರುವುದು ಬರೀ ಬೆಳಕು ಮತ್ತು ಬಿಸಿ. ಹಾಗಾಗಿ ಹೊರಗೆ ತರುವುದು ಒಳ್ಳೆಯದು. ಆದರೆ ಹೊರಗೆ ತಂದ ಗೋಸುಂಬೆಯ ವಿಷಯದಲ್ಲಿ ನಾನು ಮೊದಲು ಹೆದರುವುದು ಹದ್ದಿಗಲ್ಲ, ಸೆಕೆಗೆ.

ನಾನಿರುವುದು ಅಮೆರಿಕದ ಟೆಕ್ಸಾಸಿನ ಹ್ಯೂಸ್ಟನ್ ಹತ್ತಿರ. ಸಾಕಿರುವುದು ವೇಲ್ಡ್ ಕಮೀಲಿಯನ್, ತಲೆಯ ಮೇಲೆ ಎತ್ತರದ ಟೋಪಿ ಇಟ್ಟ ಹಾಗೆ ಕಾಣುವ ಜಾತಿ. ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾ. ಊರಿನಲ್ಲಿ ಕೂತು ಇದನ್ನು ಓದುವವರು ದಯವಿಟ್ಟು ಒಂದು ಮಾತು ನೆನಪಿಡಿ. ನಮ್ಮ ಬೇಲಿ, ಪೊದೆಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅದನ್ನು ಹಿಡಿದು ಸಾಕುವ ಹಾಗಿಲ್ಲ. ರಸ್ತೆಯಲ್ಲಿ ಸಿಕ್ಕರೆ ಆಚೆ ದಾಟಿಸಿ ಬಿಟ್ಟುಬಿಡಿ, ಅಷ್ಟೇ.

ಮೊದಲು ಪಂಜರ

ನಾಲ್ಕೂ ಕಡೆ ಜಾಲರಿ ಇರುವ ಪಂಜರವೇ ಆಗಬೇಕು. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಒಳಗೆ ಒಲೆಯಾಗುತ್ತದೆ. ಬಾಗಿಲಿನ ಚಿಲಕಕ್ಕೆ ಇನ್ನೊಂದು ಕ್ಲಿಪ್ ಹಾಕಿ. ಪಂಜರವನ್ನು ನೆಲದ ಮೇಲೆ ಇಡಬೇಡಿ, ಮೇಜಿನ ಮೇಲಿಡಿ. ಎತ್ತರದಲ್ಲಿ ಕೂತಾಗ ಗೋಸುಂಬೆಗೂ ಧೈರ್ಯ ಇರುತ್ತದೆ. ಟೆಕ್ಸಾಸಿನಲ್ಲಿ ಇನ್ನೊಂದು ಕಾಟ ಫೈರ್ ಆ್ಯಂಟ್. ಈ ಇರುವೆಗಳು ಗುಂಪಾಗಿ ಹತ್ತಿ ಕಚ್ಚುತ್ತವೆ, ಪಂಜರದೊಳಗೆ ಸಿಕ್ಕಿಕೊಂಡ ಪ್ರಾಣಿ ಓಡುವುದೆಲ್ಲಿಗೆ? ಮನೆಯಲ್ಲಿ ಅಮ್ಮ ಸಕ್ಕರೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತಿದ್ದರಲ್ವಾ, ಅದೇ ಉಪಾಯ ಇಲ್ಲೂ ಆಗುತ್ತದೆ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಡಿ, ಮೇಜು ಗೋಡೆಗೆ, ಗಿಡಕ್ಕೆ ತಾಗದಿರಲಿ.

ಆಮೇಲೆ ನೆರಳು

ಪಂಜರದ ಅರ್ಧವಾದರೂ ನೆರಳಾಗಿರಬೇಕು. ಒಳಗೆ ಒಂದು ಕುಂಡದ ದಾಸವಾಳ ಇಡಿ, ಮೇಲೆ ಅರ್ಧಕ್ಕೆ ಬಟ್ಟೆ ಹೊದಿಸಿ. ವೇಲ್ಡ್ ಗೋಸುಂಬೆ ಎಲೆಯನ್ನೂ ತಿನ್ನುವುದರಿಂದ ಔಷಧಿ ಹೊಡೆದ ಗಿಡ ಬೇಡವೇ ಬೇಡ. ಕಣಗಿಲೆಯ ಹತ್ತಿರವಂತೂ ಬಿಡಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಇಲ್ಲಿನ ಅಂಗಳಗಳಲ್ಲಿ ಅದು ತುಂಬಾ ಸಾಮಾನ್ಯ.

ನೆರಳು ಸರಿಯುತ್ತದೆ ಅನ್ನುವುದನ್ನು ನಾವು ಮರೆಯುತ್ತೇವೆ. ಹತ್ತು ಗಂಟೆಗೆ ತಂಪಾಗಿದ್ದ ಮೂಲೆ ಹನ್ನೆರಡಕ್ಕೆ ಸುಡುತ್ತಿರುತ್ತದೆ. ಸಿಮೆಂಟಿನ ನೆಲ ಕೆಳಗಿನಿಂದಲೂ ಕಾವು ಹೊಡೆಯುತ್ತದೆ, ಮೇಜನ್ನು ಹುಲ್ಲಿನ ಮೇಲಿಟ್ಟರೆ ವಾಸಿ. ಗೋಸುಂಬೆಯನ್ನು ತರುವ ಅರ್ಧ ಗಂಟೆ ಮೊದಲೇ ಖಾಲಿ ಪಂಜರವನ್ನು ಹೊರಗಿಟ್ಟು, ಅದು ಕೂರುವ ಕೊಂಬೆಯ ಮಟ್ಟದಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ. ನೆರಳಿನಲ್ಲಿ 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ನಾನು ತರುತ್ತೇನೆ. ಬೇಸಿಗೆಯಲ್ಲಿ ಹ್ಯೂಸ್ಟನ್ ಬೆಳಿಗ್ಗೆಯೇ ಕಾಯುತ್ತದೆ, ಆಗ ಹೊತ್ತು ಮೂಡಿದ ಮೇಲೆ ಸ್ವಲ್ಪ ಹೊತ್ತು ಮಾತ್ರ.

ನೀರು

ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಲ್ಲಿ ಒಂದು ತೂತು ಮಾಡಿ ಪಂಜರದ ಮೇಲಿಟ್ಟರೆ ಎಲೆಗೆ ತೊಟ್ಟಿಕ್ಕುತ್ತಿರುತ್ತದೆ.

ಈಗ ಹೊರಗೆ ತನ್ನಿ, ಜೊತೆಗೆ ಕೂತುಕೊಳ್ಳಿ

ಮೊದಲ ದಿನ 15 ನಿಮಿಷ ಸಾಕು. ಬಣ್ಣ ನೋಡುತ್ತಿರಿ. ಬಿಸಿಲಿಗೆ ಬಂದ ಕೂಡಲೇ ಮೈ ಚಪ್ಪಟೆ ಮಾಡಿ, ಸೂರ್ಯನ ಕಡೆಯ ಪಕ್ಕವನ್ನು ಕಪ್ಪಗೆ ಮಾಡಿಕೊಂಡರೆ ಗಾಬರಿ ಬೇಡ, ಅದು ಕಾವು ಹೀರಿಕೊಳ್ಳುತ್ತಿದೆ. ಮೈ ಬಿಳಿಚಿಕೊಂಡು ಬಾಯಿ ತೆರೆದು ಕೂತರೆ ಮಾತ್ರ ಸೆಕೆ ಜಾಸ್ತಿಯಾಗಿದೆ ಅಂತ ಅರ್ಥ, ಆಗ ಒಂದು ನಿಮಿಷವೂ ಕಾಯದೆ ನೆರಳಿಗೆ ತಂದು ಸಾಧಾರಣ ನೀರನ್ನು ಮೆಲ್ಲಗೆ ಸಿಂಪಡಿಸಿ. ಐಸ್ ನೀರು ಬೇಡ.

ಹದ್ದು, ಬೆಕ್ಕು ಪಂಜರಕ್ಕೆ ಕೈಹಾಕದಂತೆ ತಡೆಯಲು ನೀವೇ ಅಲ್ಲಿರಬೇಕು. ಪಕ್ಕದ ಮನೆಯವರು ಸೊಳ್ಳೆ ಔಷಧಿ ಹೊಡೆಸುವ ದಿನ ತರಲೇಬೇಡಿ. ಮುಸ್ಸಂಜೆಗೆ ಮೊದಲು ಒಳಗೆ ತನ್ನಿ, ಯಾಕೆಂದರೆ ಇಲ್ಲಿನ ಮಿಂಚುಹುಳದಲ್ಲಿ ವಿಷವಿದೆ, ಅದನ್ನು ತಿಂದು ಸಾಕಿದ ಹಲ್ಲಿ ಜಾತಿಯ ಪ್ರಾಣಿಗಳು ಸತ್ತಿವೆ.

ತಪ್ಪಿಸಿಕೊಂಡರೆ

ಒಂದು ಸಲ ಪಂಜರವಿಲ್ಲದೆ ನಮ್ಮ ಅಂಗಳದ ದಾಸವಾಳದ ಮೇಲೆ ಬಿಟ್ಟು, ಫೋನ್ ಬಂತೆಂದು ಒಳಗೆ ಹೋದೆ. ಎರಡೇ ನಿಮಿಷ. ವಾಪಸ್ ಬಂದರೆ ಗಿಡ ಖಾಲಿ. ನಿಧಾನದ ಪ್ರಾಣಿ ಅಂತ ಸುಮ್ನೆ ನಂಬಿಕೊಂಡಿರುತ್ತೇವೆ, ಮನಸ್ಸು ಮಾಡಿದರೆ ಸರಸರ ಹೋಗಿಬಿಡುತ್ತದೆ. ಸಂಜೆಯವರೆಗೆ ಎಲೆ ಎಲೆ ಹುಡುಕಿದೆ, ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು. ಸಿಕ್ಕಿದ್ದು ಕತ್ತಲಾದ ಮೇಲೆ, ಟಾರ್ಚ್ ಬೆಳಕಿಗೆ. ನಿದ್ದೆ ಮಾಡುವಾಗ ಗೋಸುಂಬೆಯ ಬಣ್ಣ ತಿಳಿಯಾಗುತ್ತದೆ, ಹಸಿರೆಲೆಗಳ ನಡುವೆ ಟಾರ್ಚ್ ಹಾಯಿಸಿದರೆ ಬೆಳ್ಳಗೆ ಎದ್ದು ಕಾಣುತ್ತದೆ. ಹಗಲಲ್ಲಿ ಕೊಂಬೆ ಅಲ್ಲಾಡಿಸಬೇಡಿ, ಇನ್ನಷ್ಟು ಮೇಲೆ ಹತ್ತುತ್ತದೆ. ಬಿಟ್ಟ ಗಿಡದಿಂದಲೇ ಶುರುಮಾಡಿ, ಅದಕ್ಕೆ ತಾಗಿದ ಗಿಡ, ಬೇಲಿ, ಆಮೇಲೆ ಮರ, ಹೀಗೆ ಕೊಂಬೆಗಳ ತುದಿಗಳನ್ನು ನೋಡುತ್ತಾ ಹೋಗಿ. ಸಿಕ್ಕ ರಾತ್ರಿ ಬಿಸಿ ದೀಪ ಹಾಕಬೇಡಿ. ಅದರ ಕೊಂಬೆಯ ಮೇಲೆ ಕೂರಿಸಿ ಮಲಗಲು ಬಿಡಿ. ಬೆಳಿಗ್ಗೆ ಮೊದಲು ನೀರಿನ ಹನಿ, ಆಮೇಲೆ ಹುಳ.