ಬಾಗಿಲು ತೆರೆಯುವ ಮೊದಲು ಬುಲೆಟ್ ಎಣಿಸಿ

ರಜೆಗೆ ಬಂದಿದ್ದ ಅಕ್ಕನ ಮಗ ನಮ್ಮನೆ ಪಿಎಸ್4 ಗೇಮ್ ಯಂತ್ರದಲ್ಲಿ ‘ರೆಸಿಡೆಂಟ್ ಈವಿಲ್ 7’ ಎಂಬ ಭಯಾನಕ ಆಟ ಹಾಕಿಕೊಂಡು ಕೂತ. ಫೋನಿನಲ್ಲಿ ಶೂಟಿಂಗ್ ಗೇಮ್ ಆಡಿ ಪಳಗಿದ ಕೈ, ಬಾಯಲ್ಲಿ ಚಕ್ಕುಲಿ. ನೆಲಮಾಳಿಗೆಯಲ್ಲಿ ಮೊದಲ ಬೂಷ್ಟಿನ ಮನುಷ್ಯ ಎದ್ದು ಬಂದದ್ದೇ ತಡ, ಇದ್ದಬದ್ದ ಬುಲೆಟ್ಟೆಲ್ಲ ಗೋಡೆಗೂ ಸೂರಿಗೂ ಹೊಡೆದು, ಹಿಂದಕ್ಕೆ ಹಿಂದಕ್ಕೆ ಸರಿದು, ಮೂಲೆಗೆ ಸಿಕ್ಕಿ ಸತ್ತ. ‘ಮಾಮ, ಕಂಟ್ರೋಲರ್ ಸರಿ ಇಲ್ಲ’ ಅಂದ. ಆಮೇಲೆ ಆಫೀಸಿನ ಇಬ್ಬರು ಗೆಳೆಯರೂ ಅದೇ ಮೂಲೆಯಲ್ಲಿ, ಅದೇ ರೀತಿ ಸತ್ತರು. ಅವರಿಗೂ ಕಂಟ್ರೋಲರ್ ಸರಿ ಇರಲಿಲ್ಲ.

2017ರ ಜನವರಿಯಲ್ಲಿ ಜಪಾನಿನ ಕ್ಯಾಪ್‌ಕಾಮ್ ತಂದ ಆಟ ಇದು. 1996ರಿಂದ ನಡೆದುಬಂದ ಸರಣಿಯ ಮುಖ್ಯ ಆಟಗಳಲ್ಲಿ ನಾಯಕನ ಕಣ್ಣಿನಿಂದಲೇ ಎಲ್ಲವನ್ನೂ ತೋರಿಸಿದ್ದು ಇದೇ ಮೊದಲು. ನಾಯಕ ಈಥನ್ ಕಾಣೆಯಾದ ಹೆಂಡತಿಯನ್ನು ಹುಡುಕುತ್ತ ಅಮೆರಿಕದ ಲೂಸಿಯಾನದ ಹಾಳು ತೋಟದ ಮನೆಗೆ ಬರುತ್ತಾನೆ. ಅಲ್ಲಿರುವುದು ಬೇಕರ್ ಕುಟುಂಬ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವ ಬೂಷ್ಟು ಎದ್ದು ನಡೆದು ಬಂದರೆ ಹೇಗಿರುತ್ತದೋ, ಅಂಥವು ಆ ಮನೆಯ ಕೆಳಗೆ ಓಡಾಡುತ್ತವೆ. ಯುರೋಪಿನಲ್ಲಿ ಇದಕ್ಕೆ 18 ವರ್ಷದ ಮುದ್ರೆ ಇದೆ. ಮಕ್ಕಳು ಮಲಗಿದ ಮೇಲೆ ಶುರು ಮಾಡಿ.

ಮೊದಲು ಟಿವಿ

ರಿಮೋಟ್ ತೆಗೆದುಕೊಂಡು ಪಿಕ್ಚರ್ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಹಾಕಿ. ಧಾರಾವಾಹಿ ನುಣುಪಾಗಿ ಕಾಣಲೆಂದು ಟಿವಿ ಮಾಡುವ ಅಲಂಕಾರಕ್ಕೆಲ್ಲ ಸಮಯ ಹಿಡಿಯುತ್ತದೆ. ನೀವು ಟ್ರಿಗರ್ ಒತ್ತಿದ್ದು ಪರದೆಗೆ ಬರುವಷ್ಟರಲ್ಲಿ ಎದುರಿನವನ ತಲೆ ಅಲ್ಲಿರುವುದಿಲ್ಲ. ‘ಕಂಟ್ರೋಲರ್ ಸರಿ ಇಲ್ಲ’ ಎಂಬ ದೂರಿನಲ್ಲಿ ಅರ್ಧ ಇಲ್ಲೇ ತೀರುತ್ತದೆ.

ಬೆಳಕು, ಸದ್ದು

ಆಟ ತೆರೆದಾಗ ಬ್ರೈಟ್‌ನೆಸ್ ಕೇಳುತ್ತದೆ. ಹೇಳಿದಷ್ಟೇ ಇಡಿ. ಕತ್ತಲೆ ಓಡಿಸಲು ಪೂರ್ತಿ ಏರಿಸಿದರೆ ಎಲ್ಲ ಬೂದಿ ಬಣ್ಣವಾಗಿ, ಕರಿ ಗೋಡೆ ಯಾವುದು ಕರಿ ಭೂತ ಯಾವುದು ತಿಳಿಯುವುದಿಲ್ಲ. ಹೆಡ್‌ಫೋನ್ ಕಡ್ಡಾಯ. ಯಾವ ಕಡೆಯಿಂದ ಬರುತ್ತಿದ್ದಾರೆ ಎಂದು ಕಿವಿಗೆ ಮೊದಲು ಗೊತ್ತಾಗುತ್ತದೆ. ಫೋನಿನ ಜೊತೆ ಬಂದ ತಂತಿಯ ಇಯರ್‌ಫೋನ್ ಅನ್ನು ಕಂಟ್ರೋಲರ್‌ನ ತೂತಿಗೆ ಚುಚ್ಚಿದರೆ ಸಾಕು. ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ ಪಿಎಸ್4ಗೆ ನೇರವಾಗಿ ಕೂಡುವುದೇ ಇಲ್ಲ, ಇದಕ್ಕೆಂದು ಹೊಸದು ತರಬೇಡಿ.

ಮಟ್ಟ: ಈಸಿ. ನಾಚಿಕೆ ಬೇಡ. ಮ್ಯಾಡ್‌ಹೌಸ್ ಎಂಬ ಅತಿ ಕಷ್ಟದ ಮಟ್ಟದಲ್ಲಿ ಸೇವ್ ಮಾಡಲೂ ಕ್ಯಾಸೆಟ್ ಹುಡುಕಬೇಕು; ಒಮ್ಮೆ ಆಟ ಮುಗಿಸಿದವರು ನೋಡಿಕೊಳ್ಳಲಿ. ಇಡೀ ಆಟವನ್ನು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ತೊಟ್ಟು ಆಡಬಹುದು ಎನ್ನುವುದು ನಿಜ. ಮೊದಲ ಸಲವೇ ಹಾಗೆ ಆಡುತ್ತೇನೆ ಎನ್ನುವವರು ಪಕ್ಕದಲ್ಲಿ ಬಕೆಟ್ ಇಟ್ಟುಕೊಳ್ಳಲಿ.

ಗುರಿ ಹಿಡಿಯುವುದು

ಎಲ್ಲರೂ ಕೆಡುವುದು ಇಲ್ಲಿಯೇ. ಕಂಟ್ರೋಲರ್‌ನ ಎಡ ಸ್ಟಿಕ್ ಕಾಲು, ಬಲ ಸ್ಟಿಕ್ ಕಣ್ಣು. ಹೆದರಿದವರು ಕಾಲನ್ನು ಮರೆತು ಕಣ್ಣನ್ನಷ್ಟೇ ಆಡಿಸುತ್ತಾರೆ. ಗುರಿ ತಲೆಯ ಬಲಕ್ಕೆ ಹೋಯಿತು, ಎಳೆದರು, ಎಡಕ್ಕೆ ಹೋಯಿತು, ಮತ್ತೆ ಎಳೆದರು. ತೊಟ್ಟಿಲು ತೂಗಿದ ಹಾಗೆ. ನಡುವೆ ಟ್ರಿಗರ್ ಮಾತ್ರ ಒತ್ತುತ್ತಲೇ ಇರುತ್ತಾರೆ.

ಹೀಗೆ ಮಾಡಿ. ಯಾರೂ ಇಲ್ಲದಾಗಲೂ ಪರದೆಯ ನಡುಬಿಂದು ನಿಮ್ಮ ತಲೆಯ ಎತ್ತರದಲ್ಲೇ ಇರಲಿ. ನೆಲ ನೋಡುತ್ತ ನಡೆಯಬೇಡಿ. ಬಾಗಿಲು ತೆರೆದರೆ ಎದುರಿನವನ ತಲೆ ಆ ಎತ್ತರದಲ್ಲೇ ಬರುತ್ತದೆ. ಆಗ ಎಲ್2 ಬಟನ್ ಒತ್ತಿ ಬಂದೂಕು ಎತ್ತಿ. ಗುರಿ ಒಂದು ಬೆರಳು ಆಚೀಚೆ ಇದ್ದರೆ ಬಲ ಸ್ಟಿಕ್ ಮುಟ್ಟಬೇಡಿ. ಎಡ ಸ್ಟಿಕ್‌ನಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಗುರಿ ತಾನಾಗಿ ತಲೆಯ ಮೇಲೆ ಕೂರುತ್ತದೆ. ಇದೊಂದನ್ನು ಹುಡುಗನಿಗೆ ಹೇಳಿಕೊಡಲು ಒಂದು ಸಂಜೆ ಹಿಡಿಯಿತು.

ಇನ್ನು ಕಾಯುವುದು. ಬೂಷ್ಟಿನವರು ಕುಡಿದವರಂತೆ ತೂರಾಡುತ್ತ ಬರುತ್ತಾರೆ. ದೂರದಿಂದ ಹೊಡೆದರೆ ತಪ್ಪುತ್ತದೆ. ನಾಲ್ಕೈದು ಹೆಜ್ಜೆ ಹತ್ತಿರ ಬರಲಿ. ತಲೆಗೆ ಎರಡು ಗುಂಡು, ನಿಲ್ಲಿಸಿ, ನೋಡಿ, ಮತ್ತೆರಡು. ತಲೆ ಸಿಗದಿದ್ದರೆ ಕಾಲಿಗೆ ಹೊಡೆಯಿರಿ. ಕಾಲು ಕಳಚಿದರೆ ತೆವಳುತ್ತದೆ, ಬಳಸಿಕೊಂಡು ಹೋಗಿಬಿಡಬಹುದು. ಎಲ್ಲರನ್ನೂ ಕೊಲ್ಲಲೇಬೇಕೆಂಬ ಹರಕೆ ಹೊತ್ತಿಲ್ಲ ನೀವು.

ಮೈಮೇಲೆ ಬಿದ್ದರೆ ಎಲ್1 ಒತ್ತಿ ಹಿಡಿಯಿರಿ, ಈಥನ್ ಕೈ ಅಡ್ಡ ಒಡ್ಡುತ್ತಾನೆ. ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ. ನಾನು ನೋಡಿದ ಹತ್ತು ಜನರಲ್ಲಿ ಒಬ್ಬರೂ ಈ ಬಟನ್ ಮುಟ್ಟಿರಲಿಲ್ಲ. ಹಿಮ್ಮುಖವಾಗಿ ಓಡಲು ಹೋಗಬೇಡಿ. ಎಡ ಸ್ಟಿಕ್ ಕೆಳಗೆಳೆದು ವೃತ್ತದ ಬಟನ್ ಒತ್ತಿದರೆ ಗರಕ್ಕನೆ ಹಿಂದಕ್ಕೆ ತಿರುಗುತ್ತೀರಿ. ಆಮೇಲೆ ಓಡಿ.

ಕ್ಯಾಮೆರಾ ವೇಗ ಕಡಿಮೆ ಇಟ್ಟು ಅರ್ಧ ಗಂಟೆ ಆಡಿ. ಸತ್ತಾಗಲೆಲ್ಲ ಸೆಟ್ಟಿಂಗ್ ಬದಲಿಸಿದರೆ ಕೈ ಕೂರುವುದಿಲ್ಲ. ಅಭ್ಯಾಸಕ್ಕೆ ಬುಲೆಟ್ ಬೇಡ: ಗೋಡೆಯ ಮೇಲಿನ ಒಂದು ಪಟಕ್ಕೆ ಗುರಿ ಇಟ್ಟು, ಅದು ಕದಲದಂತೆ ಪಕ್ಕಕ್ಕೆ ನಡೆಯಿರಿ. ಮೌಸ್ ಕೂಡಿಸುವ ಅಡಾಪ್ಟರ್ ಡಬ್ಬಿಗಳು, ಅಗ್ಗದ ನಕಲಿ ಕಂಟ್ರೋಲರ್‌ಗಳು ದುಡ್ಡಿಗೆ ದಂಡ. ನಾನು ಕೊಂಡ ಒಂದು ನಕಲಿಯಲ್ಲಿ ಮೂರನೇ ವಾರಕ್ಕೇ ಈಥನ್ ತಾನಾಗಿ ಎಡಕ್ಕೆ ನಡೆಯತೊಡಗಿದ.

ಚೀಲ

ಗಿಡಮೂಲಿಕೆಗೆ ಕೆಮ್ ಫ್ಲುಯಿಡ್ ಎಂಬ ದ್ರವ ಬೆರೆಸಿದರೆ ಔಷಧಿ, ಮದ್ದಿನ ಪುಡಿಗೆ ಬೆರೆಸಿದರೆ ಪಿಸ್ತೂಲಿನ ಬುಲೆಟ್. ಸಿಕ್ಕ ಕೂಡಲೇ ಬೆರೆಸಬೇಡಿ, ಯಾವುದು ಬೇಕೋ ಆಗ ಮಾಡಿಕೊಳ್ಳಿ. ಸ್ಟ್ರಾಂಗ್ ಎಂದು ಬರೆದ ಫ್ಲುಯಿಡ್ ಅನ್ನು ಮಾತ್ರ ಮದ್ದಿನ ಪುಡಿಗೇ ಮೀಸಲಿಡಿ, ಅದರಿಂದ ಬರುವ ಬುಲೆಟ್ ಹೆಚ್ಚು ಬಲದ್ದು. ಮರದ ಪೆಟ್ಟಿಗೆಗಳನ್ನು ಚಾಕುವಿನಿಂದ ಒಡೆಯಿರಿ. ಆದರೆ ಬೇಕರ್ ಮನೆಯ ಮಗ ಲೂಕಸ್‌ನ ಜಾಗಕ್ಕೆ ಹೋದ ಮೇಲೆ ಈ ಮಾತು ಮರೆತುಬಿಡಿ. ಅವನು ಪೆಟ್ಟಿಗೆಯೊಳಗೆ ಬಾಂಬ್ ಇಟ್ಟಿರುತ್ತಾನೆ, ಅಲ್ಲಿ ದೂರದಿಂದಲೇ ಗುಂಡು.

ಟೇಪ್ ರೆಕಾರ್ಡರ್ ಕಂಡಲ್ಲೆಲ್ಲ ಸೇವ್ ಮಾಡಿ. ನಮ್ಮ ಏರಿಯಾದಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಯುಪಿಎಸ್ ಇಲ್ಲದವರು ಎರಡು ಸಲ ಮಾಡಿ.

ಯಜಮಾನ ಜಾಕ್

ಮನೆಯೊಳಗೆ ಅಟ್ಟಿಸಿಕೊಂಡು ಬರುವಾಗ ಅವನು ಸಾಯುವುದಿಲ್ಲ. ಗುಂಡು ಹೊಡೆದರೆ ಸ್ವಲ್ಪ ಹೊತ್ತು ಬೀಳುತ್ತಾನೆ, ಮತ್ತೆ ಏಳುತ್ತಾನೆ. ಬಗ್ಗಿ ನಡೆಯಿರಿ, ಬಾಗಿಲು ಹಾಕಿಕೊಳ್ಳಿ. ಗ್ಯಾರೇಜಿನಲ್ಲಂತೂ ಎದುರಿಸಲೇಬೇಕು. ಹುಡುಗ ಅಲ್ಲಿಯೂ ಪಿಸ್ತೂಲು ಖಾಲಿ ಮಾಡಿ ನನ್ನ ಮುಖ ನೋಡಿದ. ಗ್ಯಾರೇಜಿನಲ್ಲಿ ಕಾರಿದೆ, ಕೀ ಕೂಡ ಅಲ್ಲೇ ಇದೆ.